ಯುವಜನರು ಕುಡಿತಕ್ಕೆ ಏಕೆ ಬೀಳುತ್ತಾರೆ? ಸಾಮಾಜಿಕ ಮತ್ತು ಮಾನಸಿಕ ಕಾರಣಗಳು, ಮನೆಯವರು ಮಾಡಬಹುದಾದ ಸಹಾಯ

ಹಾಸ್ಟೆಲಿನಿಂದ ರಜೆಗೆ ಬಂದ ಮಗನ ಬ್ಯಾಗಿನಲ್ಲಿ ಖಾಲಿ ಕ್ವಾರ್ಟರ್ ಬಾಟಲಿ ಸಿಕ್ಕಿರಬಹುದು. ಕೆಲಸಕ್ಕೆ ಸೇರಿ ವರ್ಷ ತುಂಬದ ಮಗಳು ಶುಕ್ರವಾರ ರಾತ್ರಿ ತಡವಾಗಿ ಬಂದು ಮಾತಾಡದೆ ಕೋಣೆ ಸೇರಿದಾಗ ನಿಮಗೆ ವಾಸನೆ ಬಡಿದಿರಬಹುದು. ಆಗ ಹೆಚ್ಚಿನ ತಂದೆತಾಯಿಯರ ಬಾಯಿಂದ ಬರುವುದು ಒಂದೇ ಮಾತು: "ನಮ್ಮ ಮನೆಯಲ್ಲಿ ಯಾರೂ ಮುಟ್ಟೋರಿಲ್ಲ, ಇದು ಎಲ್ಲಿಂದ ಬಂತು?" ಈ ಪ್ರಶ್ನೆಗೆ ಉತ್ತರವಿದೆ. ಅದನ್ನು ತಿಳಿದುಕೊಂಡರೆ ಮುಂದಿನ ಹೆಜ್ಜೆ ಸುಲಭವಾಗುತ್ತದೆ. ಈ ಲೇಖನ ಮನೆಯವರಿಗಾಗಿ. ಜೊತೆಗೆ ತಮ್ಮ ಕುಡಿತ ಕೈಮೀರುತ್ತಿದೆಯೇ ಎಂದು ಒಳಗೊಳಗೇ ಯೋಚಿಸುತ್ತಿರುವ ಯುವಕ ಯುವತಿಯರಿಗೂ ಹೌದು.

ಮುಖ್ಯಾಂಶಗಳು

• ಕುಡಿತ ಶುರುವಾಗುವುದು ಬಹುಪಾಲು ಸಾಮಾಜಿಕ ಕಾರಣಗಳಿಂದ. ಅದು ಮುಂದುವರಿದು ಬೇರೂರುವುದರಲ್ಲಿ ಮಾನಸಿಕ ಕಾರಣಗಳ ಪಾತ್ರ ದೊಡ್ಡದು.
• ಎಷ್ಟು ಚಿಕ್ಕ ವಯಸ್ಸಿನಲ್ಲಿ ಶುರುವಾಗುತ್ತದೋ, ಮುಂದೆ ವ್ಯಸನವಾಗುವ ಅಪಾಯ ಅಷ್ಟು ಹೆಚ್ಚು.
• "ಎಷ್ಟು ಕುಡಿಯುತ್ತಾನೆ" ಎಂಬುದರಷ್ಟೇ "ಯಾಕೆ ಕುಡಿಯುತ್ತಾನೆ" ಎಂಬುದೂ ಮುಖ್ಯ. ದುಃಖ, ಭಯ, ಒಂಟಿತನ ಮರೆಯಲು ಕುಡಿಯುವುದು ಹೆಚ್ಚು ಅಪಾಯಕಾರಿ.
• ಇದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ 14416ಕ್ಕೆ ಯಾವ ಊರಿನಿಂದ ಬೇಕಾದರೂ, ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಸಮಸ್ಯೆ ಎಷ್ಟು ದೊಡ್ಡದು?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ. 14.6ರಷ್ಟು ಜನ, ಅಂದರೆ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆ. ಪುರುಷರಲ್ಲಿ ಇದು ಶೇ. 27.3, ಮಹಿಳೆಯರಲ್ಲಿ ಶೇ. 1.6. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಗಮನಿಸಿ: ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿ ಮತ್ತು ಅವರ ಮನೆಯವರು ಅದನ್ನು ಒಳಗೇ ನುಂಗಿಕೊಂಡಿದ್ದಾರೆ.

ಕುಡಿತ ವ್ಯಕ್ತಿಯ ಗುಣಕ್ಕಷ್ಟೇ ಸಂಬಂಧಿಸಿದ್ದಲ್ಲ, ಸುತ್ತಲಿನ ಸಮಾಜಕ್ಕೂ ಸಂಬಂಧಿಸಿದ್ದು ಎಂಬುದನ್ನು ಅಂಕಿಗಳೇ ಹೇಳುತ್ತವೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಭಾರತೀಯ ಪುರುಷರಲ್ಲಿ ಸುಮಾರು ಶೇ. 19ರಷ್ಟು ಮಂದಿ ಕುಡಿಯುವುದಾಗಿ ಹೇಳಿದರೆ, ತೆಲಂಗಾಣದಲ್ಲಿ ಆ ಪ್ರಮಾಣ ಶೇ. 43ರಷ್ಟಿತ್ತು. ಒಂದು ರಾಜ್ಯದ ಗಡಿ ದಾಟಿದ ಮಾತ್ರಕ್ಕೆ ಜನರ ಮನೋಬಲ ಬದಲಾಗುವುದಿಲ್ಲ. ಬದಲಾಗುವುದು ರೂಢಿ, ಲಭ್ಯತೆ ಮತ್ತು "ಇದು ಮಾಮೂಲು" ಎಂಬ ಭಾವನೆ.

ಯುವ ವಯಸ್ಸಿನಲ್ಲಿ ಅಪಾಯ ಏಕೆ ಹೆಚ್ಚು?

ನಮ್ಮ ಮಿದುಳು ಪೂರ್ತಿ ಬಲಿಯುವುದು ಇಪ್ಪತ್ತರ ಮಧ್ಯಭಾಗದ ಹೊತ್ತಿಗೆ. ಸಂತೋಷ, ಉತ್ಸಾಹ, ಹೊಸತನ ಬಯಸುವ ಭಾಗಗಳು ಹದಿಹರೆಯದಲ್ಲೇ ಚುರುಕಾಗಿರುತ್ತವೆ. "ಸಾಕು, ನಿಲ್ಲಿಸು" ಎಂದು ತಡೆಯುವ, ನಾಳೆಯ ಪರಿಣಾಮವನ್ನು ಇಂದೇ ಯೋಚಿಸುವ ಮುಂಭಾಗದ ಮಿದುಳು ನಿಧಾನವಾಗಿ ಬೆಳೆಯುತ್ತದೆ. ಮದ್ಯ ಮೊದಲು ಮಂಕಾಗಿಸುವುದು ಈ ತಡೆಯುವ ಶಕ್ತಿಯನ್ನೇ.

ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, 15 ವರ್ಷಕ್ಕೆ ಮುನ್ನ ಕುಡಿಯಲು ಶುರು ಮಾಡಿದವರಲ್ಲಿ ಸುಮಾರು ಶೇ. 40ರಷ್ಟು ಮಂದಿ ಜೀವನದ ಯಾವುದೋ ಹಂತದಲ್ಲಿ ಮದ್ಯಕ್ಕೆ ಅವಲಂಬಿತರಾಗಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಇದು ಸುಮಾರು ಶೇ. 10. ಬೇಗ ಶುರು ಮಾಡುವವರಲ್ಲಿ ಮನೆಯ ಪರಿಸ್ಥಿತಿ, ಸ್ವಭಾವದಂಥ ಬೇರೆ ಕಾರಣಗಳೂ ಸೇರಿರುತ್ತವೆ ನಿಜ. ಆದರೂ ಮೊದಲ ಲೋಟವನ್ನು ಕೆಲವು ವರ್ಷ ಮುಂದೂಡುವುದೇ ಒಂದು ರಕ್ಷಣೆ ಎಂದು ವೈದ್ಯರು ಹೇಳುವುದು ಇದಕ್ಕಾಗಿ.

ಸಾಮಾಜಿಕ ಪ್ರಭಾವಗಳು

ಮನೆ: ಮಕ್ಕಳು ಹೇಳಿದ್ದನ್ನು ಕೇಳುವುದಕ್ಕಿಂತ ನೋಡಿದ್ದನ್ನು ಹೆಚ್ಚು ಕಲಿಯುತ್ತಾರೆ. ಅಪ್ಪ ಆಫೀಸಿನಿಂದ ಬಂದು "ಇವತ್ತು ತಲೆ ಕೆಟ್ಟುಹೋಗಿದೆ" ಎಂದು ಬಾಟಲಿ ತೆರೆದರೆ, ಮಗು ಕಲಿಯುವ ಪಾಠ ಒಂದೇ: ತಲೆ ಕೆಟ್ಟರೆ ಮದ್ದು ಇದು. ಮದುವೆಯ ಹಿಂದಿನ ರಾತ್ರಿ ಗಂಡಸರೆಲ್ಲ ಮಹಡಿ ಮೇಲೆ ಸೇರುವುದನ್ನು ಕಂಡ ಹುಡುಗ, ಗಂಡಸಾಗುವುದು ಎಂದರೆ ಆ ಮಹಡಿ ಹತ್ತುವುದು ಎಂದುಕೊಳ್ಳುತ್ತಾನೆ. ಮದ್ಯ ವ್ಯಸನದಲ್ಲಿ ಅರ್ಧದಷ್ಟು ಪಾಲು ವಂಶವಾಹಿಗಳದ್ದು ಎಂದು ಅವಳಿಗಳ ಮತ್ತು ದತ್ತು ಮಕ್ಕಳ ಅಧ್ಯಯನಗಳು ತೋರಿಸಿವೆ. ತಂದೆಗೋ, ಸೋದರಮಾವನಿಗೋ, ತಾತನಿಗೋ ಈ ಸಮಸ್ಯೆ ಇದ್ದರೆ ಮಕ್ಕಳಿಗೆ ಅದನ್ನು ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆಯ ಬಗ್ಗೆ ಹೇಳುವಂತೆಯೇ "ನಮ್ಮ ವಂಶದಲ್ಲಿ ಇದಿದೆ, ನೀನು ಹುಷಾರಾಗಿರಬೇಕು" ಎಂದು ಹೇಳಿ. ಆದರೆ ವಂಶದಲ್ಲಿದ್ದರೆ ಬಂದೇ ಬರುತ್ತದೆ ಎಂದೇನೂ ಇಲ್ಲ.

ಗೆಳೆಯರು: "ಕೆಟ್ಟ ಸಹವಾಸದಿಂದ ಕೆಟ್ಟ" ಎಂಬುದು ಅರ್ಧ ಸತ್ಯ ಮಾತ್ರ. ಗೆಳೆಯರು ನಮ್ಮನ್ನು ಬದಲಿಸುತ್ತಾರೆ. ನಾವೂ ನಮ್ಮ ಒಲವಿಗೆ ತಕ್ಕ ಗೆಳೆಯರನ್ನೇ ಆರಿಸಿಕೊಳ್ಳುತ್ತೇವೆ. ಬಲವಂತವಾಗಿ ಲೋಟ ಕೈಗಿಡುವವರೂ ಇರುತ್ತಾರೆ. ಆದರೆ ಹೆಚ್ಚಿನ ಸಲ ಒತ್ತಡ ಮಾತಿಲ್ಲದೆ ಬರುತ್ತದೆ: ಎಲ್ಲರ ಕೈಯಲ್ಲೂ ಲೋಟವಿದ್ದಾಗ ಬರಿಗೈಯಲ್ಲಿ ನಿಂತವನಿಗಾಗುವ ಮುಜುಗರ ಸಣ್ಣದಲ್ಲ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೊಂದನ್ನು ಬೇರೆ ಬೇರೆ ವಯಸ್ಸಿನವರಿಂದ ಆಡಿಸಿದರು. ಹದಿಹರೆಯದವರು ಮತ್ತು ಕಾಲೇಜು ವಯಸ್ಸಿನವರು ಒಂಟಿಯಾಗಿ ಆಡುವಾಗಿಗಿಂತ ಗೆಳೆಯರ ಮುಂದೆ ಹೆಚ್ಚು ಅಪಾಯಕ್ಕೆ ಕೈಹಾಕಿದರು. ವಯಸ್ಕರಲ್ಲಿ ಇಂಥ ಬದಲಾವಣೆ ಕಾಣಲಿಲ್ಲ. ಮನೆಯಲ್ಲಿ ಸಂಭಾವಿತನಾಗಿರುವ ಹುಡುಗ ಗುಂಪಿನಲ್ಲಿ ಬೇರೆಯವನಾಗುವುದು ನಾಟಕವಲ್ಲ. ಆ ವಯಸ್ಸಿನ ಮಿದುಳು ಹಾಗೆ ಕೆಲಸ ಮಾಡುತ್ತದೆ.

"ಎಲ್ಲರೂ ಕುಡೀತಾರೆ" ಎಂಬ ತಪ್ಪು ಲೆಕ್ಕ: 1986ರಲ್ಲಿ ವೆಸ್ಲಿ ಪರ್ಕಿನ್ಸ್ ಮತ್ತು ಆ್ಯಲನ್ ಬರ್ಕೋವಿಟ್ಜ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಬಗ್ಗೆ ಒಂದು ವಿಷಯ ಪ್ರಕಟಿಸಿದರು. ವಿದ್ಯಾರ್ಥಿಗಳು ತಮ್ಮ ಸಹಪಾಠಿಗಳು ಕುಡಿತವನ್ನು ನಿಜಕ್ಕೂ ಒಪ್ಪುವುದಕ್ಕಿಂತ ಬಹಳ ಹೆಚ್ಚು ಒಪ್ಪುತ್ತಾರೆ ಎಂದು ತಿಳಿದಿದ್ದರು. ಕಾರಣ ಸರಳ. ಪಾರ್ಟಿಯಲ್ಲಿ ಕುಣಿದವನ ವಿಡಿಯೋ ಎಲ್ಲರ ಮೊಬೈಲಿಗೆ ಬರುತ್ತದೆ. ರೂಮಿನಲ್ಲಿ ಮೊಸರನ್ನ ತಿಂದು ಮಲಗಿದವನ ವಿಡಿಯೋ ಯಾರೂ ಹಾಕುವುದಿಲ್ಲ. ಹೀಗೆ ಕೆಲವರ ಅಭ್ಯಾಸ ಎಲ್ಲರ ಅಭ್ಯಾಸದಂತೆ ಕಾಣುತ್ತದೆ. ಆ ಇಲ್ಲದ "ಎಲ್ಲರಿಗೆ" ಸರಿಸಾಟಿಯಾಗಲು ಉಳಿದವರು ಕುಡಿಯುತ್ತಾರೆ. ಭಾರತದಲ್ಲಂತೂ ಕುಡಿಯದವರದ್ದೇ ದೊಡ್ಡ ಬಹುಮತ ಎಂದು ಮೇಲಿನ ಅಂಕಿಗಳೇ ಹೇಳುತ್ತವೆ.

ಊರು ಬಿಟ್ಟ ಬದುಕು: ಕಲಬುರಗಿಯಿಂದ ಹೈದರಾಬಾದಿಗೆ, ಬೆಳಗಾವಿಯಿಂದ ಪುಣೆಗೆ, ಕರಾವಳಿಯಿಂದ ಮುಂಬೈಗೆ ಓದಲು, ದುಡಿಯಲು ಬರುವ ಹುಡುಗ ಹುಡುಗಿಯರು ಅನೇಕ. ಪಿಜಿಯ ಕೋಣೆ, ಗೊತ್ತಿಲ್ಲದ ಭಾಷೆ, ಮೊದಲ ಸಂಬಳ, ಕೇಳುವವರಿಲ್ಲದ ರಾತ್ರಿಗಳು ಒಟ್ಟಿಗೇ ಬರುತ್ತವೆ. ಅಂಥ ಹೊತ್ತಿನಲ್ಲಿ ಮೊದಲು "ಬಾರೋ" ಎಂದು ಕರೆದ ಗುಂಪೇ ಮನೆಯಾಗುತ್ತದೆ. ಆ ಗುಂಪಿನ ಶನಿವಾರ ಬಾರಿನಲ್ಲೇ ಕಳೆಯುವುದಾದರೆ ಇವರದ್ದೂ ಅಲ್ಲೇ. ಆಫೀಸಿನ ಟೀಮ್ ಔಟಿಂಗ್, ಬಡ್ತಿಯ ಟ್ರೀಟ್, ಹುಟ್ಟುಹಬ್ಬ, ಡಿಸೆಂಬರ್ 31 ಎಲ್ಲಕ್ಕೂ ಮದ್ಯವೇ ಗುರುತಾದಾಗ ಬೇಡವೆನ್ನುವುದು ಗುಂಪನ್ನೇ ಬೇಡವೆಂದಂತೆ ಕೇಳಿಸುತ್ತದೆ.

ಹೆಣ್ಣುಮಕ್ಕಳ ಮೇಲೆ ಒತ್ತಡ ಎರಡು ಕಡೆಯಿಂದ. ಸಹೋದ್ಯೋಗಿಗಳ ನಡುವೆ ಕುಡಿಯದಿದ್ದರೆ "ಹಳ್ಳಿ ಗುಗ್ಗು" ಎಂಬ ನಗೆ, ಕುಡಿದದ್ದು ಊರಲ್ಲಿ ತಿಳಿದರೆ ನಡತೆಯ ಮೇಲೇ ಮಾತು. ಇದರಿಂದ ಅವರ ಸಮಸ್ಯೆ ಬಹುಕಾಲ ಗುಟ್ಟಾಗಿಯೇ ಉಳಿದು, ಚಿಕಿತ್ಸೆ ತಡವಾಗುತ್ತದೆ. ಮಹಿಳೆಯರ ದೇಹದಲ್ಲಿ ನೀರಿನಂಶ ಕಡಿಮೆ ಇರುವುದರಿಂದ ಅಷ್ಟೇ ಪ್ರಮಾಣದ ಮದ್ಯ ಅವರ ರಕ್ತದಲ್ಲಿ ಹೆಚ್ಚು ಸಾಂದ್ರವಾಗುತ್ತದೆ.

ಸಿನಿಮಾ, ಹಾಡು, ಜಾಹೀರಾತು: "ಎಣ್ಣೆ ಹಾಡು" ಎಂಬುದೇ ನಮ್ಮ ಸಿನಿಮಾಗಳಲ್ಲಿ ಒಂದು ಪ್ರಕಾರವಾಗಿಬಿಟ್ಟಿದೆ. ಪ್ರೀತಿ ಮುರಿದರೆ ಬಾರು, ಗೆದ್ದರೆ ಬಾರು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುವ ಎಚ್ಚರಿಕೆ ಆ ಹಾಡಿನ ಮುಂದೆ ಏನೂ ಅಲ್ಲ. ಟಿವಿಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವಿದೆ. ಆದರೆ ಅದೇ ಹೆಸರಿನ ಸೋಡಾ, ನೀರು, ಸಂಗೀತ ಕಾರ್ಯಕ್ರಮದ ರೂಪದಲ್ಲಿ ಹೆಸರು ಮಾತ್ರ ಕಣ್ಣಮುಂದೆಯೇ ಇರುತ್ತದೆ. ಇಂಥ ಬದಲಿ ಜಾಹೀರಾತುಗಳನ್ನು ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ನಿಷೇಧಿಸಿದೆ. ಜಾಹೀರಾತು ಮಾರುವುದು ಬರೀ ಪಾನೀಯವನ್ನಲ್ಲ; ಧೈರ್ಯ, ಗೆಳೆತನ, ಯಶಸ್ಸು ಆ ಬಾಟಲಿಯೊಳಗಿದೆ ಎಂಬ ನಂಬಿಕೆಯನ್ನು.

ಕಾನೂನು ಮತ್ತು ಲಭ್ಯತೆ: ಮದ್ಯ ಕೊಳ್ಳುವ ಕನಿಷ್ಠ ವಯಸ್ಸು ರಾಜ್ಯದಿಂದ ರಾಜ್ಯಕ್ಕೆ ಬೇರೆ. ದೆಹಲಿಯಲ್ಲಿ 25, ತಮಿಳುನಾಡು ಮತ್ತು ತೆಲಂಗಾಣದಲ್ಲಿ 21, ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ಮಿನಂಥ ಮದ್ಯಕ್ಕೆ 25. ಎಲ್ಲ ರಾಜ್ಯಗಳಿಗೂ ಒಂದೇ ಇರುವ ಕಾನೂನು ಇದು: ವೈದ್ಯರ ಆದೇಶವಿಲ್ಲದೆ 18 ತುಂಬದ ಮಕ್ಕಳಿಗೆ ಮದ್ಯ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯಡಿ ಅಪರಾಧ, 7 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಹಬ್ಬದಲ್ಲಿ ತಮಾಷೆಗೆಂದು ಹುಡುಗನಿಗೆ ಒಂದು ಗುಟುಕು ಕೊಡುವ ಮಾವನಿಗೂ ಇದು ಅನ್ವಯಿಸುತ್ತದೆ.

ಮಾನಸಿಕ ಪ್ರಭಾವಗಳು

ಯುವಜನರು ಏಕೆ ಕುಡಿಯುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಲಿನ್ ಕೂಪರ್ 1994ರಲ್ಲಿ ನಾಲ್ಕು ಉದ್ದೇಶಗಳಾಗಿ ವಿಂಗಡಿಸಿದರು. ಇಂದಿಗೂ ಜಗತ್ತಿನ ಹಲವೆಡೆ ಇದನ್ನು ಬಳಸುತ್ತಾರೆ.

1. ಬೆರೆಯಲು: ಗೆಳೆಯರ ಜೊತೆ ಕೂಡಿದ ಹೊತ್ತು ಕಳೆಗಟ್ಟಲಿ ಎಂದು.
2. ಮಜಾ ಸಿಗಲು: ಕಿಕ್ ಬೇಕು, ಆ ಅಮಲೇ ಇಷ್ಟ ಎಂದು.
3. ಹೊರಗುಳಿಯದಿರಲು: ಕುಡಿಯದಿದ್ದರೆ ಛೇಡಿಸುತ್ತಾರೆ, ಸೇರಿಸಿಕೊಳ್ಳುವುದಿಲ್ಲ ಎಂದು.
4. ಮರೆಯಲು: ಚಿಂತೆ, ಬೇಸರ, ಅವಮಾನ, ನಿದ್ದೆ ಬಾರದ ರಾತ್ರಿ ತಡೆದುಕೊಳ್ಳಲು.

ಮೊದಲನೆಯದು ಅತಿ ಸಾಮಾನ್ಯ. ಎರಡನೆಯದು ಒಮ್ಮೆಗೇ ಮಿತಿಮೀರಿ ಕುಡಿಯುವುದಕ್ಕೆ ದಾರಿ. ನಾಲ್ಕನೆಯದು ವ್ಯಸನದತ್ತ ಹೆಚ್ಚು ಕರೆದೊಯ್ಯುವಂಥದ್ದು. ಏಕೆಂದರೆ ಗುಂಪು ಚದುರಿದರೂ, ಊರು ಬದಲಾದರೂ ಚಿಂತೆ ಜೊತೆಯಲ್ಲೇ ಬರುತ್ತದೆ. ವಾರಕ್ಕೊಮ್ಮೆ ಗೆಳೆಯರ ಜೊತೆ ಕುಡಿಯುತ್ತಿದ್ದವನು ಒಬ್ಬನೇ ಕೂತು ಕುಡಿಯಲು ಶುರು ಮಾಡಿದರೆ, ಪ್ರಮಾಣ ಕಡಿಮೆಯಾಗಿದ್ದರೂ ಅದನ್ನು ಹಗುರವಾಗಿ ನೋಡಬೇಡಿ.

ನಿರೀಕ್ಷೆಯ ಅಮಲು: "ಕುಡಿದರೆ ಮಾತು ಬರುತ್ತೆ, ಧೈರ್ಯ ಬರುತ್ತೆ" ಎಂಬ ನಂಬಿಕೆ ಮೊದಲ ಗುಟುಕಿಗಿಂತ ಎಷ್ಟೋ ಮುಂಚೆ ತಲೆಯಲ್ಲಿ ಕೂತಿರುತ್ತದೆ. 1973ರಲ್ಲಿ ಅಲನ್ ಮಾರ್ಲಾಟ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ವೋಡ್ಕಾ ಬೆರೆಸಿದ ಟಾನಿಕ್ ನೀರು, ಕೆಲವರಿಗೆ ಬರೀ ಟಾನಿಕ್ ನೀರು. ಆದರೆ ಲೋಟದಲ್ಲಿ ಏನಿದೆ ಎಂದು ಅವರಿಗೆ ಹೇಳಿದ್ದು ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು. ವೋಡ್ಕಾ ಇದೆ ಎಂದು ನಂಬಿದವರು ಹೆಚ್ಚು ಕುಡಿದರು. ಅದರಲ್ಲಿ ನಿಜಕ್ಕೂ ವೋಡ್ಕಾ ಇತ್ತೋ ಇಲ್ಲವೋ ಎಂಬುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ಅಂದರೆ ಪಾರ್ಟಿಯ ಧೈರ್ಯದಲ್ಲಿ ಒಂದು ಪಾಲು ಬಾಟಲಿಯದ್ದಾದರೆ ಇನ್ನೊಂದು ಪಾಲು ನಿಮ್ಮದೇ.

ಆತಂಕ ಮತ್ತು ಖಿನ್ನತೆ: ನಾಲ್ಕು ಜನರ ಮುಂದೆ ಮಾತಾಡಲು ಕೈ ನಡುಗುವ ಹುಡುಗನಿಗೆ ಎರಡು ಪೆಗ್ ಆದ ಮೇಲೆ ನಾಲಿಗೆ ಸಡಿಲವಾಗುತ್ತದೆ. ಪರಿಹಾರ ಸಿಕ್ಕಿತೆಂದು ಅವನಿಗೆ ಅನ್ನಿಸುತ್ತದೆ. ಆದರೆ ಮದ್ಯದ ಪ್ರಭಾವ ಇಳಿಯುವಾಗ ಆತಂಕ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ, ನಿದ್ದೆ ತುಂಡಾಗುತ್ತದೆ, ಮರುದಿನ ಮಂಕು ಕವಿಯುತ್ತದೆ. ಅದನ್ನು ಕಳೆಯಲು ಮತ್ತೆ ಲೋಟ. ಈ ಸುಳಿಯಲ್ಲಿ ಸಿಕ್ಕವರಿಗೆ "ಕುಡಿಯಬೇಡ" ಎಂದಷ್ಟೇ ಹೇಳಿದರೆ ಸಾಲದು. ಒಳಗಿರುವ ಖಿನ್ನತೆ, ಆತಂಕ, ಚಿಕ್ಕಂದಿನ ಹಿಂಸೆಯ ನೆನಪು, ಗಮನ ನಿಲ್ಲದ ತೊಂದರೆ ಯಾವುದಿದೆಯೋ ಅದಕ್ಕೂ ಚಿಕಿತ್ಸೆ ಬೇಕು.

"ನನಗೆ ಏರೋದೇ ಇಲ್ಲ": ಗೆಳೆಯರ ನಡುವೆ ಇದು ಹೆಮ್ಮೆಯ ಮಾತು. ವೈದ್ಯರಿಗೆ ಇದು ಎಚ್ಚರಿಕೆಯ ಗಂಟೆ. ಕುಡಿತದ ಸಮಸ್ಯೆ ಇರುವ ತಂದೆಯರ ಗಂಡುಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿದ ಮಾರ್ಕ್ ಶುಕಿಟ್ ಅವರ ಅಧ್ಯಯನಗಳಲ್ಲಿ, ಮದ್ಯದ ಪರಿಣಾಮ ಕಡಿಮೆ ಕಾಣಿಸುವವರೇ ಮುಂದೆ ಹೆಚ್ಚಾಗಿ ವ್ಯಸನಕ್ಕೆ ಬಿದ್ದರು. ಬೇರೆಯವರಿಗೆ "ಸಾಕು" ಎನ್ನುವ ಸೂಚನೆ ದೇಹವೇ ಕೊಡುತ್ತದೆ. ಇವರಿಗೆ ಅದು ಸಿಗುವುದಿಲ್ಲ. ಹಾಗೆಂದು ಲಿವರಿಗೆ ಬೀಳುವ ಪೆಟ್ಟು ಕಡಿಮೆಯಾಗುವುದಿಲ್ಲ.

"ಬರೀ ಬಿಯರ್ ಅಷ್ಟೇ" ಎನ್ನುವ ಮುನ್ನ

ವೈದ್ಯರು 10 ಗ್ರಾಂ ಶುದ್ಧ ಮದ್ಯಸಾರವನ್ನು ಒಂದು ಅಳತೆ ಎಂದು ಲೆಕ್ಕ ಹಾಕುತ್ತಾರೆ.

• 30 ಮಿ.ಲೀ. ವಿಸ್ಕಿ, ರಮ್ ಅಥವಾ ಬ್ರಾಂದಿ: 1 ಅಳತೆ
• 180 ಮಿ.ಲೀ. ಕ್ವಾರ್ಟರ್: 6 ಅಳತೆ
• ಶೇ. 5 ಮದ್ಯಸಾರವಿರುವ 650 ಮಿ.ಲೀ. ಬಿಯರ್: ಸುಮಾರು ಎರಡೂವರೆ ಅಳತೆ
• ಶೇ. 8ರ ಸ್ಟ್ರಾಂಗ್ ಬಿಯರ್, 650 ಮಿ.ಲೀ.: ಸುಮಾರು 4 ಅಳತೆ

ಎರಡು ಬಾಟಲಿ ಸ್ಟ್ರಾಂಗ್ ಬಿಯರ್ ಎಂದರೆ ಒಂದು ಕ್ವಾರ್ಟರಿಗಿಂತ ಹೆಚ್ಚು. ಲಿವರ್ ಗಂಟೆಗೆ ಸುಮಾರು ಒಂದು ಅಳತೆಯಷ್ಟನ್ನು ಮಾತ್ರ ಕರಗಿಸಬಲ್ಲದು. ಕಾಫಿ, ತಣ್ಣೀರು ಸ್ನಾನ, ನಿಂಬೆಹಣ್ಣು, ಮಜ್ಜಿಗೆ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ವಾಹನ ಓಡಿಸುವವರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯವಿದ್ದರೆ ಅದು ಅಪರಾಧ.

ಎಚ್ಚರಿಕೆಯ ಸೂಚನೆಗಳು

ಒಂದು ಸಲ ಕುಡಿದ ಮಾತ್ರಕ್ಕೆ ಯಾರೂ ವ್ಯಸನಿಯಲ್ಲ. ಈ ಕೆಳಗಿನವುಗಳಲ್ಲಿ ಎರಡು ಮೂರು ಒಟ್ಟಿಗೆ, ಕೆಲವು ವಾರ ಕಂಡರೆ ಸಹಾಯ ಪಡೆಯಿರಿ.

• ಒಬ್ಬರೇ ಅಥವಾ ಗುಟ್ಟಾಗಿ ಕುಡಿಯುವುದು, ಎಷ್ಟು ಕುಡಿದದ್ದೆಂದು ಸುಳ್ಳು ಹೇಳುವುದು
• ಅದೇ ಅಮಲಿಗೆ ಮೊದಲಿಗಿಂತ ಹೆಚ್ಚು ಬೇಕಾಗುವುದು
• ಹಿಂದಿನ ರಾತ್ರಿ ನಡೆದದ್ದು ನೆನಪೇ ಇಲ್ಲದಿರುವುದು
• ಸೋಮವಾರಗಳಂದು ತರಗತಿ, ಕೆಲಸ ತಪ್ಪುವುದು, ಅಂಕ ಇಳಿಯುವುದು
• ಹಳೆಯ ಗೆಳೆಯರು, ಆಟ, ಹವ್ಯಾಸ ಬಿಟ್ಟುಹೋಗುವುದು
• ಪದೇ ಪದೇ ಸಾಲ, ಮನೆಯಲ್ಲಿ ಹಣ ಕಾಣೆಯಾಗುವುದು
• ಬೆಳಿಗ್ಗೆ ಕೈ ನಡುಕ, ಬೆವರು, ವಾಕರಿಕೆ. ಕುಡಿದರೆ ಮಾತ್ರ ಕಡಿಮೆಯಾಗುವುದು

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ, ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪರೀಕ್ಷೆಯನ್ನು ವೈದ್ಯರು ಐದು ನಿಮಿಷದಲ್ಲಿ ಮಾಡುತ್ತಾರೆ. 8 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಕುಡಿತ ಹಾನಿಯ ಹಾದಿಯಲ್ಲಿದೆ ಎಂದು ಅರ್ಥ.

ಮನೆಯವರು ಏನು ಮಾಡಬೇಕು?

ಅಮಲಿನಲ್ಲಿರುವಾಗ ಮಾತು ಬೇಡ. ಆ ರಾತ್ರಿ ಅವರು ಸುರಕ್ಷಿತವಾಗಿದ್ದಾರೆಯೇ ಎಂದಷ್ಟೇ ನೋಡಿ. ಮರುದಿನ, ನೆಂಟರು ಅಕ್ಕಪಕ್ಕದವರು ಇಲ್ಲದ ಹೊತ್ತಿನಲ್ಲಿ ಕೂತು ಮಾತಾಡಿ.

ಕಂಡದ್ದನ್ನು ಹೇಳಿ, ತೀರ್ಪು ಕೊಡಬೇಡಿ. "ಕುಡುಕ, ಮನೆ ಮಾನ ಕಳೆದೆ" ಎಂದರೆ ಅಲ್ಲಿಗೆ ಮಾತು ಮುಗಿಯಿತು. "ಈ ತಿಂಗಳಲ್ಲಿ ಮೂರು ಸಲ ನೀನು ಹೀಗೆ ಬಂದದ್ದು ನೋಡಿದೆ. ನನಗೆ ಭಯವಾಗ್ತಿದೆ. ಏನು ನಡೀತಿದೆ ಹೇಳಪ್ಪ" ಎಂದರೆ ಬಾಗಿಲು ತೆರೆದಿರುತ್ತದೆ. ಉತ್ತರ ತಕ್ಷಣ ಬರದಿದ್ದರೆ ಕಾಯಿರಿ. "ಯಾಕೆ ಕುಡಿದೆ" ಎಂಬುದಕ್ಕಿಂತ "ಕುಡಿದಾಗ ಏನು ಹಗುರ ಅನ್ನಿಸುತ್ತೆ" ಎಂಬ ಪ್ರಶ್ನೆಗೆ ನಿಜವಾದ ಉತ್ತರ ಸಿಗುವ ಸಾಧ್ಯತೆ ಹೆಚ್ಚು.

ಹೊಡೆಯುವುದು, ಕೂಡಿಹಾಕುವುದು, ದೇವರ ಮುಂದೆ ಆಣೆ ಮಾಡಿಸುವುದು ಕೆಲವು ದಿನದ ಮೌನ ತರಬಹುದು. ಆಣೆ ಮುರಿದ ದಿನ ಅವರಿಗೆ ಕುಡಿತದ ಜೊತೆಗೆ ತಪ್ಪಿತಸ್ಥ ಭಾವನೆಯೂ ಸೇರಿ, ಮತ್ತಷ್ಟು ಮುಚ್ಚಿಡುತ್ತಾರೆ. "ಮದುವೆ ಮಾಡಿದರೆ ಸರಿಹೋಗ್ತಾನೆ" ಎಂಬ ಸಲಹೆಯನ್ನಂತೂ ಕೇಳಲೇಬೇಡಿ. ಅದರಿಂದ ಕಷ್ಟ ಅನುಭವಿಸುವವರ ಸಂಖ್ಯೆ ಒಂದು ಹೆಚ್ಚುತ್ತದೆ ಅಷ್ಟೆ.

ನಿಯಮ ಸ್ಪಷ್ಟವಾಗಿರಲಿ. ಕುಡಿದು ಗಾಡಿ ಓಡಿಸುವಂತಿಲ್ಲ, ಕುಡಿಯಲು ಹಣವಿಲ್ಲ. ಜೊತೆಗೆ ಒಂದು ಭರವಸೆ: "ಎಷ್ಟು ಹೊತ್ತಾದರೂ ಫೋನ್ ಮಾಡು, ಬಂದು ಕರೆದುಕೊಂಡು ಬರ್ತೀನಿ. ಆ ರಾತ್ರಿ ಬೈಯಲ್ಲ." ಈ ಒಂದು ಮಾತು ಜೀವ ಉಳಿಸಬಹುದು.

ಮನೆಯ ದೊಡ್ಡವರು ತಮ್ಮ ಲೋಟವನ್ನೂ ಒಮ್ಮೆ ನೋಡಿಕೊಳ್ಳಬೇಕು. ಮಗನಿಗೆ ಬುದ್ಧಿ ಹೇಳುವ ವಾರದಲ್ಲೇ ಅಪ್ಪ ಕುಡಿದರೆ ಆ ಮಾತಿಗೆ ತೂಕವಿರುವುದಿಲ್ಲ.

ನೀವೇ ಯುವಕ ಅಥವಾ ಯುವತಿಯಾಗಿದ್ದರೆ

ಎರಡು ವಾರ ಒಂದು ಸಣ್ಣ ಲೆಕ್ಕ ಬರೆದಿಡಿ: ಯಾವ ದಿನ, ಯಾರ ಜೊತೆ, ಎಷ್ಟು, ಅದಕ್ಕೆ ಮುನ್ನ ಮನಸ್ಸು ಹೇಗಿತ್ತು. ನಿಮ್ಮ ಕುಡಿತಕ್ಕೆ ಮೇಲಿನ ನಾಲ್ಕು ಉದ್ದೇಶಗಳಲ್ಲಿ ಯಾವುದು ಕಾರಣ ಎಂದು ನಿಮಗೇ ಕಾಣುತ್ತದೆ.

ಬೇಡವೆನ್ನಲು ದೊಡ್ಡ ಕಾರಣ ಬೇಕಿಲ್ಲ. "ಇವತ್ತು ಬೇಡ, ನಾಳೆ ಬೆಳಿಗ್ಗೆ ಕೆಲಸ ಇದೆ", "ಗಾಡಿ ತಂದಿದ್ದೀನಿ", "ಮಾತ್ರೆ ತಗೋತಿದ್ದೀನಿ" ಎಂದು ಒಮ್ಮೆ ಹೇಳಿ, ವಿವರಣೆಗೆ ಇಳಿಯದೆ ಕೈಯಲ್ಲಿ ಜ್ಯೂಸೋ ಸೋಡಾವೋ ಹಿಡಿದುಕೊಳ್ಳಿ. ಗುಂಪಿನಲ್ಲಿ ನಿಮ್ಮಂತೆಯೇ ಬೇಡವೆನ್ನಲು ಕಾಯುತ್ತಿರುವ ಇನ್ನೊಬ್ಬರು ಇರುವ ಸಾಧ್ಯತೆ ಬಹಳ. ಶನಿವಾರ ಸಂಜೆಗೆ ಬೇರೊಂದು ಜಾಗವೂ ಬೇಕು: ಆಟದ ಮೈದಾನ, ಚಾರಣದ ತಂಡ, ನಿಮ್ಮ ನಗರದ ಕನ್ನಡ ಸಂಘದ ನಾಟಕದ ತಾಲೀಮು, ಯಾವುದಾದರೂ ಸರಿ. ಐಸ್‌ಲೆಂಡ್ ದೇಶ ಇದನ್ನೇ ದೊಡ್ಡದಾಗಿ ಮಾಡಿತು. ಮಕ್ಕಳಿಗೆ ಕ್ರೀಡೆ, ಸಂಗೀತಕ್ಕೆ ಹಣ ಕೊಟ್ಟು, ತಂದೆತಾಯಿಯರನ್ನು ಸೇರಿಸಿಕೊಂಡಿತು. ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದ 15-16 ವರ್ಷದವರ ಪ್ರಮಾಣ ಅಲ್ಲಿ 1998ರಲ್ಲಿ ಶೇ. 42 ಇದ್ದದ್ದು 2016ರ ಹೊತ್ತಿಗೆ ಶೇ. 5ಕ್ಕೆ ಇಳಿಯಿತು. ಸುತ್ತಲಿನ ಪರಿಸರ ಬದಲಾದರೆ ಅಭ್ಯಾಸವೂ ಬದಲಾಗುತ್ತದೆ.

ಚಿಕಿತ್ಸೆ ಹೇಗಿರುತ್ತದೆ?

ಕುಡಿತ ಇನ್ನೂ ಅವಲಂಬನೆಯ ಹಂತಕ್ಕೆ ಹೋಗಿಲ್ಲದ ಯುವಜನರಲ್ಲಿ ಹಲವರಿಗೆ ಆಪ್ತಸಮಾಲೋಚನೆಯ ಕೆಲವು ಭೇಟಿಗಳೇ ಸಾಕಾಗಬಹುದು. ಸಮಾಲೋಚಕರು ಬೈಯುವುದಿಲ್ಲ, ಕುಡಿತದಿಂದ ಏನು ಸಿಗುತ್ತಿದೆ, ಏನು ಕಳೆದುಹೋಗುತ್ತಿದೆ ಎಂಬುದನ್ನು ವ್ಯಕ್ತಿಯ ಬಾಯಿಂದಲೇ ಹೊರಡಿಸಿ, ಬದಲಾಗುವ ಮನಸ್ಸನ್ನು ಗಟ್ಟಿ ಮಾಡುತ್ತಾರೆ. ಕುಡಿಯಬೇಕೆನ್ನಿಸುವ ಸನ್ನಿವೇಶಗಳನ್ನು ಗುರುತಿಸಿ ನಿಭಾಯಿಸುವುದನ್ನು ಕಲಿಸುತ್ತಾರೆ. ಅವಲಂಬನೆ ಇದ್ದರೆ ಮನೋವೈದ್ಯರು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್‌ನಂಥ ಔಷಧಿ ಕೊಡಬಹುದು.

ಎರಡು ಎಚ್ಚರಿಕೆಗಳಿವೆ. ಒಂದು, ದಿನವೂ ಹೆಚ್ಚು ಕುಡಿಯುತ್ತಿದ್ದವರು ವೈದ್ಯರ ಸಲಹೆಯಿಲ್ಲದೆ ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಎರಡರಿಂದ ನಾಲ್ಕನೇ ದಿನದಲ್ಲಿ ಸನ್ನಿ ಬರಬಹುದು. ಅದು ಜೀವಕ್ಕೇ ಅಪಾಯ. ಎರಡು, ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ ಎನ್ನುವ ಯಾವ ಪುಡಿಯನ್ನೂ ಮಾತ್ರೆಯನ್ನೂ ಕೊಡಬೇಡಿ. ಡೈಸಲ್ಫಿರಾಮ್ ದೇಹದಲ್ಲಿರುವುದು ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು.

ಎಲ್ಲಿಗೆ ಹೋಗಬೇಕು? ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಪುಣೆಯ ಮುಕ್ತಾಂಗಣ, ಚೆನ್ನೈನ ಟಿಟಿಕೆ ಆಸ್ಪತ್ರೆ, ದೆಹಲಿ ಬಳಿ ಗಾಜಿಯಾಬಾದಿನಲ್ಲಿರುವ ಏಮ್ಸ್‌ನ ರಾಷ್ಟ್ರೀಯ ಮಾದಕವಸ್ತು ಅವಲಂಬನೆ ಚಿಕಿತ್ಸಾ ಕೇಂದ್ರ, ಬೆಂಗಳೂರಿನ ನಿಮ್ಹಾನ್ಸ್ ಈ ಕ್ಷೇತ್ರದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿವೆ. ವ್ಯಸನಮುಕ್ತಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ 14446. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದಿಂದಾಗುವ ಮಾನಸಿಕ ತೊಂದರೆಗಳನ್ನೂ ಒಳಗೊಂಡಿದೆ. ಅದರ ಪ್ರಕಾರ ನಿಮ್ಮ ವಿವರಗಳನ್ನು ಗುಟ್ಟಾಗಿಡಬೇಕು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಹೊಡೆದು ಬಿಡಿಸುತ್ತೇವೆ ಎನ್ನುವ ಕೇಂದ್ರಗಳಿಂದ ದೂರವಿರಿ.

ತುರ್ತು ಸ್ಥಿತಿ: ಕೂಡಲೇ 112 ಅಥವಾ 108

• ಕೂಗಿದರೂ, ಅಲುಗಾಡಿಸಿದರೂ ಎಚ್ಚರವಾಗದಿರುವುದು
• ನಿಮಿಷಕ್ಕೆ 8ಕ್ಕಿಂತ ಕಡಿಮೆ ಉಸಿರು, ಅಥವಾ ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಅಂತರ
• ಮೈ ತಣ್ಣಗಾಗಿ ತುಟಿ, ಉಗುರು ನೀಲಿಯಾಗುವುದು
• ಫಿಟ್ಸ್, ಪ್ರಜ್ಞೆಯಿಲ್ಲದೆ ವಾಂತಿ
• ಕುಡಿದ ನಂತರ ಕಣ್ಣು ಮಂಜಾಗುವುದು. ಇದು ಕಳ್ಳಭಟ್ಟಿಯಲ್ಲಿರುವ ಮೆಥನಾಲ್ ವಿಷದ ಲಕ್ಷಣವಾಗಿರಬಹುದು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತದ್ದು ಇಂಥ ಮದ್ಯದಿಂದಲೇ.

ಆ್ಯಂಬುಲೆನ್ಸ್ ಬರುವವರೆಗೆ ವ್ಯಕ್ತಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಅಂಗಾತ ಮಲಗಿಸಬೇಡಿ, ವಾಂತಿ ಉಸಿರುನಾಳಕ್ಕೆ ಇಳಿಯಬಹುದು. ಬಾಯಿಗೆ ಏನನ್ನೂ ಹಾಕಬೇಡಿ, ಒತ್ತಾಯದಿಂದ ವಾಂತಿ ಮಾಡಿಸಬೇಡಿ. "ಮಲಗಲಿ ಬಿಡು, ಬೆಳಿಗ್ಗೆ ಸರಿಹೋಗ್ತಾನೆ" ಎಂದು ಒಬ್ಬರನ್ನೇ ಬಿಟ್ಟು ಹೋಗಬೇಡಿ. ಕುಡಿಯುವುದು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ.

ಸಾಯಬೇಕೆಂಬ ಮಾತು ಅವರ ಬಾಯಿಂದ ಬಂದರೆ, ಅಮಲಿನ ಮಾತು ಎಂದು ತಳ್ಳಿಹಾಕದೆ ಜೊತೆಯಲ್ಲೇ ಇದ್ದು 14416ಕ್ಕೆ ಕರೆ ಮಾಡಿ.

ಸಾಮಾನ್ಯ ಪ್ರಶ್ನೆಗಳು

ಹೊರಗೆ ಕುಡಿಯುವ ಬದಲು ಮನೆಯಲ್ಲೇ ನಮ್ಮ ಮುಂದೆ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿದರೆ ಒಳ್ಳೆಯದಲ್ಲವೇ?
ಅಲ್ಲ. ಆಸ್ಟ್ರೇಲಿಯಾದಲ್ಲಿ ಹದಿಹರೆಯದವರನ್ನು ಆರು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಿ ಮದ್ಯ ಕೊಟ್ಟದ್ದರಿಂದ ಯಾವ ರಕ್ಷಣೆಯೂ ಕಾಣಲಿಲ್ಲ. ಅಂಥ ಮಕ್ಕಳಲ್ಲಿ ಮಿತಿಮೀರಿ ಕುಡಿಯುವ ಸಾಧ್ಯತೆ ಹೆಚ್ಚಿತ್ತು.

ವಾರಕ್ಕೊಮ್ಮೆ ಮಾತ್ರ ಕುಡಿಯುತ್ತಾನೆ. ಇದೂ ಸಮಸ್ಯೆಯೇ?
ವಾರದ ಪಾಲನ್ನೆಲ್ಲ ಒಂದೇ ರಾತ್ರಿ ಕುಡಿದರೆ ಹೌದು. ಯುವಜನರಲ್ಲಿ ಅಪಘಾತ, ಹೊಡೆದಾಟ, ಲೈಂಗಿಕ ದೌರ್ಜನ್ಯಗಳಿಗೆ ಹೆಚ್ಚು ಹತ್ತಿರವಿರುವುದು ಇಂಥ ಕುಡಿತವೇ.

ಚಿಕಿತ್ಸೆಗೆ ಬರಲು ಒಪ್ಪುತ್ತಿಲ್ಲ. ಏನು ಮಾಡಲಿ?
ಮೊದಲು ನೀವೇ ಹೋಗಿ. ಮನೆಯವರು ಒಬ್ಬರೇ ಬಂದರೂ ಸಮಾಲೋಚಕರು ದಾರಿ ತೋರಿಸುತ್ತಾರೆ. ಕುಡಿಯುವವರ ಕುಟುಂಬದವರಿಗಾಗಿಯೇ ಅಲ್-ಅನಾನ್ ಗುಂಪುಗಳಿವೆ. ನಿಮ್ಮ ನಿದ್ದೆ, ಊಟ, ಆರೋಗ್ಯವೂ ಮುಖ್ಯ.

ಬಿಟ್ಟು ಆರು ತಿಂಗಳಾದ ಮೇಲೆ ಮತ್ತೆ ಕುಡಿದ. ಎಲ್ಲ ವ್ಯರ್ಥವೇ?
ಇಲ್ಲ. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಆರು ತಿಂಗಳು ಬಿಡಲು ಸಾಧ್ಯವಾಯಿತು ಎಂಬುದೂ ಅಷ್ಟೇ ನಿಜ. ಆ ದಿನ ಯಾವುದು ದಾರಿ ತಪ್ಪಿಸಿತು ಎಂದು ವೈದ್ಯರ ಜೊತೆ ಕೂತು ನೋಡಿ, ಅಲ್ಲಿಂದ ಮುಂದುವರಿಯಿರಿ.

"ಇದು ಎಲ್ಲಿಂದ ಬಂತು" ಎಂದು ಕೇಳಿದ ತಂದೆತಾಯಿಯರಿಗೆ ಈಗ ಉತ್ತರ ಗೊತ್ತಿದೆ: ಒಂದೇ ಕಡೆಯಿಂದಲ್ಲ, ಹಲವು ಕಡೆಯಿಂದ. ಹಾಗಾಗಿ ತಪ್ಪನ್ನು ಮಗನ ಮೇಲೋ ಗೆಳೆಯರ ಮೇಲೋ ನಿಮ್ಮ ಮೇಲೋ ಪೂರ್ತಿ ಹೊರಿಸಬೇಕಿಲ್ಲ. ಇವತ್ತು ರಾತ್ರಿ ಊಟದ ನಂತರ ಟಿವಿ ಆರಿಸಿ ಹತ್ತು ನಿಮಿಷ ಜೊತೆಗೆ ಕೂತುಕೊಳ್ಳಿ. ಮಾತು ಅಲ್ಲಿಂದ ಶುರುವಾಗಲಿ.